ಕಿವಿಯವ್ವನ ಕುಂಕುಮ

ಕಲ್ಲು ಒಡೆಯುವ ಮುಂಚೆ ಮಾತಾಡುತ್ತದೆ. ಬಯಲಲ್ಲಿ ಬಿಸಿಲು ಕಾಯಿಸುತ್ತ ಬಿದ್ದಿರುವ ಕಲ್ಲಲ್ಲ. ಅದಕ್ಕೆ ಯಾವ ಭಾರವೂ ಇಲ್ಲ, ಅದು ಸುಮ್ಮನಿರುತ್ತದೆ. ನೆಲದಿಂದ ಮೈಲಿ ಕೆಳಗೆ, ನೆತ್ತಿಯ ಮೇಲೆ ಇಡೀ ಗುಡ್ಡ ಹೊತ್ತುಕೊಂಡು, ಅಕ್ಕಪಕ್ಕದ ಅದಿರನ್ನೆಲ್ಲ ಮನುಷ್ಯರು ಕೆತ್ತಿ ಒಯ್ದ ಮೇಲೂ ನಿಂತೇ ಇರುವ ಕಲ್ಲು ದಿನವಿಡೀ ಚಿಟಿಚಿಟಿ ಎಂದು ಗೊಣಗುತ್ತಿರುತ್ತದೆ. ಆ ಗೊಣಗಾಟ ನಮ್ಮ ಕಿವಿಗೆ ಬೀಳುವುದಿಲ್ಲ. ನಮಗೆ ಕೇಳಿಸುವಷ್ಟು ಜೋರಾಗಿ ಅದು ಮಾತಾಡುವುದು ಒಂದೇ ಸಲ, ಮತ್ತು ಅದನ್ನು ಹತ್ತಿರದಿಂದ ಕೇಳಿದವರು ಯಾರೂ ಮೇಲೆ ಬಂದು ವರದಿ ಕೊಟ್ಟಿಲ್ಲ.

ಹೊನ್ನಬಂಡಿಯ ಚಿನ್ನದ ಗಣಿಯಲ್ಲಿ ಆ ಗೊಣಗಾಟ ಕೇಳಲೆಂದೇ ಒಂದು ಯಂತ್ರವಿತ್ತು. ತಂದಾಗ ಅದಕ್ಕೊಂದು ಉದ್ದನೆಯ ಇಂಗ್ಲಿಷ್ ಹೆಸರಿತ್ತು. ಆಫೀಸಿನವರು ಅದನ್ನು ‘ಕಿವಿ’ ಎಂದು ಮೊಟಕು ಮಾಡಿದರು. ಗಂಡಂದಿರ ಜೀವ ಕಾಯುವುದನ್ನು ಬರೀ ಕಿವಿ ಎನ್ನಲು ಕಾಲೊನಿಯ ಹೆಂಗಸರಿಗೆ ಮನಸ್ಸು ಬರಲಿಲ್ಲ, ಅವರು ‘ಕಿವಿಯವ್ವ’ ಎಂದರು. ಕೆಳಗಿನ ಸುರಂಗಗಳಲ್ಲಿ ಕಲ್ಲಿಗೆ ತೂತು ಕೊರೆದು ಕೂರಿಸಿದ ಸಣ್ಣ ಉಪಕರಣಗಳು ತಂತಿಯ ಮೂಲಕ ಸದ್ದನ್ನು ಮೇಲಿನ ಕೋಣೆಗೆ ಕಳಿಸುತ್ತಿದ್ದವು. ಅಲ್ಲಿದ್ದ ಹಳೆಯ ಕಂಪ್ಯೂಟರ್ ಅದನ್ನು ಕೇಳಿ, ಇದು ದಿನದ ಗೊಣಗಾಟ, ಇದು ಸಿಡಿಯುವ ಮುಂಚಿನ ಗೊಣಗಾಟ ಎಂದು ಬೇರೆ ಮಾಡುತ್ತಿತ್ತು. ಪರದೆಯ ಮೇಲೆ ಹಸಿರು ಇದ್ದರೆ ಕೆಲಸ, ಹಳದಿ ಬಂದರೆ ಎಚ್ಚರ, ಕೆಂಪಾದರೆ ಸೈರನ್. ಕೆಂಪಿಗೂ ಸಿಡಿತಕ್ಕೂ ನಡುವೆ ಸುಮಾರು ಅರ್ಧ ಗಂಟೆ ಸಿಗುತ್ತಿತ್ತು. ಆ ಅರ್ಧ ಗಂಟೆಯಿಂದಾಗಿ ಎಷ್ಟೋ ಮನೆಗಳಲ್ಲಿ ಗಂಡಸರು ಮುದುಕರಾಗುವ ತನಕ ಬದುಕಿದ್ದರು.

ಬೇರೆ ದೇಶಗಳ ಗಣಿಗಳಲ್ಲಿ ಈಗ ಮನುಷ್ಯರು ಕೆಳಗಿಳಿಯುವುದೇ ಇಲ್ಲ, ರೋಬೋಟುಗಳು ಇಳಿಯುತ್ತವೆ. ಹೊನ್ನಬಂಡಿಗೂ ಅವನ್ನು ತರುವ ಮಾತು ಒಮ್ಮೆ ಎದ್ದಿತ್ತು. ಲೆಕ್ಕ ಹಾಕಿ ನೋಡಿದಾಗ ಮನುಷ್ಯರೇ ಅಗ್ಗವೆಂದು ತಿಳಿದು ಮಾತು ಅಲ್ಲಿಗೇ ನಿಂತಿತು. ಹಾಗಾಗಿ ಹಳೆಯ ಗಣಿಗೆ ಹಳೆಯ ಯಂತ್ರವೇ ಗತಿಯಾಯಿತು.

ಆ ಯಂತ್ರದ ಹಾರ್ಡ್ ಡಿಸ್ಕ್ ಸತ್ತು ಎಷ್ಟೋ ವರ್ಷಗಳಾಗಿದ್ದವು, ತಯಾರಿಸಿದ ಕಂಪನಿಯೂ ಸತ್ತಿತ್ತು. ಉಳಿದದ್ದು ಒಂದು ಫ್ಲಾಪಿ ಡ್ರೈವ್. ಅಂಗೈಯಗಲದ ಪ್ಲಾಸ್ಟಿಕ್ ಚೌಕದೊಳಗೆ ತೆಳ್ಳನೆಯ ಕಪ್ಪು ಬಿಲ್ಲೆ ಇರುವ ಫ್ಲಾಪಿಗಳನ್ನು ಈಗಿನವರು ಕಂಡಿರಲಿಕ್ಕಿಲ್ಲ. ಒಂದೊಂದು ಗಣಿಯ ಕಲ್ಲಿಗೂ ಒಂದೊಂದು ಮಾತು ಇರುತ್ತದೆ. ಹೊನ್ನಬಂಡಿಯ ಕಲ್ಲಿನ ಮಾತನ್ನು ಕಿವಿಯವ್ವ ಮೂವತ್ತು ವರ್ಷ ಕೇಳಿ ಕೇಳಿ ಕಲಿತಿದ್ದಳು. ಕಲಿತದ್ದಷ್ಟೂ ಒಂದೇ ಒಂದು ಫ್ಲಾಪಿಯಲ್ಲಿ ಹಿಡಿಸಿತ್ತು. ಯಂತ್ರ ಶುರುವಾದಾಗಲೆಲ್ಲ ಅದನ್ನು ಓದಿಕೊಂಡೇ ಕಿವಿ ತೆರೆಯಬೇಕು.

ಆಯುಧಪೂಜೆ ಮುಗಿದು ಒಂದು ವಾರವಾಗಿತ್ತು. ಬೆಳಗಿನ ಪಾಳಿಯವರು ಕೆಳಗಿಳಿದ ಸ್ವಲ್ಪ ಹೊತ್ತಿಗೇ ಕರೆಂಟು ಹೋಗಿ ಯಂತ್ರ ನಿಂತಿತು. ಕಿವಿ ಮುಚ್ಚಿದರೆ ಕೆಳಗೆ ಒಬ್ಬನೂ ಇರಕೂಡದೆಂಬುದು ಗಣಿಯ ಕಟ್ಟುನಿಟ್ಟಾದ ನಿಯಮ. ಆಳುಗಳನ್ನು ಇಳಿಸಿ ಹತ್ತಿಸುವ ಕೇಜನ್ನು ಜನರೇಟರಿನಿಂದ ನಡೆಸಿ ಪಾಳಿಯವರನ್ನೆಲ್ಲ ಮೇಲಕ್ಕೆ ತಂದರು. ಅವರು ಬೇವಿನ ಮರದ ಕೆಳಗೆ ಕೂತು ಬೀಡಿ ಸೇದತೊಡಗಿದರು.

ಕಿವಿಯ ಕೋಣೆ ನೋಡಿಕೊಳ್ಳುತ್ತಿದ್ದವಳು ಹಂಪಮ್ಮ. ಎಲೆಕ್ಟ್ರಾನಿಕ್ಸಿನಲ್ಲಿ ಡಿಪ್ಲೊಮಾ ಮಾಡಿದವಳು. ಯಂತ್ರ ಬಂದಾಗಿನಿಂದ ನಿವೃತ್ತನಾಗುವ ತನಕ ಅದೇ ಕುರ್ಚಿಯಲ್ಲಿ ಕೂತಿದ್ದ ಪಂಪಾಪತಿಯ ಸೊಸೆ. ಅವಳ ಗಂಡ ಮೌನೇಶ ಮಧ್ಯಾಹ್ನದ ಪಾಳಿಯಲ್ಲಿ ಒಂದು ಗುಂಪಿನ ಮೇಸ್ತ್ರಿ. ಗಂಡ ಕಲ್ಲಿನ ಒಳಗೆ, ಹೆಂಡತಿ ಕಲ್ಲಿನ ಮಾತು ಕೇಳುತ್ತ ಮೇಲೆ. ಕಾಲೊನಿಯವರು ಇದನ್ನು ಹೇಳಿ ನಗುತ್ತಿದ್ದರು, ಅವಳೂ ನಗುತ್ತಿದ್ದಳು.

ಕರೆಂಟು ಬಂದ ಮೇಲೆ ಹಂಪಮ್ಮ ಫ್ಲಾಪಿ ಹಾಕಿದಳು. ಡ್ರೈವು ಕರಕರ ಎಂದು ತಿಣುಕಿತು, ಎರಡು ಸಲ ಓದಲಿಲ್ಲ, ಮೂರನೇ ಸಲ ಓದಿತು. ಪರದೆಯ ಮೇಲೆ ಹಸಿರು ಬಂತು, ಅಲ್ಲಲ್ಲಿ ಎಂದಿನಂತೆ ಹಳದಿಯ ಚುಕ್ಕೆಗಳು. ಈ ಫ್ಲಾಪಿಯ ನಕಲೊಂದಿತ್ತು, ಅದು ಈ ಮಳೆಗಾಲದಲ್ಲಿ ಬೂಸ್ಟು ಹಿಡಿದು ಹಾಳಾಗಿತ್ತು. ಇದೂ ಹೋದರೆ ಕಿವಿಯವ್ವ ಶಾಶ್ವತವಾಗಿ ಕಿವುಡಿ. ಪಾಳಿಯನ್ನು ಮತ್ತೆ ಕೆಳಗೆ ಬಿಡುವ ಮೊದಲು ಹೊಸದೊಂದು ನಕಲು ಮಾಡಿಬಿಡೋಣವೆಂದು ಅವಳು ಬೀರುವಿನಿಂದ ಹೊಸ ಫ್ಲಾಪಿಗಳ ಡಬ್ಬಿ ತೆಗೆದಳು.

ಹೊಸ ಫ್ಲಾಪಿಯನ್ನು ಮೊದಲು ಫಾರ್ಮ್ಯಾಟ್ ಮಾಡಬೇಕು, ಅಂದರೆ ಬರವಣಿಗೆಗೆ ಗೆರೆ ಹಾಕಿಕೊಡಬೇಕು. ರಂಗೋಲಿಗೆ ಮೊದಲು ಚುಕ್ಕಿ ಇಟ್ಟುಕೊಂಡ ಹಾಗೆ. ಕಪ್ಪು ಬಿಲ್ಲೆಯ ಮೇಲೆ ಬರಹ ಕೂರುವುದು ಒಂದರೊಳಗೊಂದು ಸುತ್ತುಗಳಲ್ಲಿ. ಎಲ್ಲಕ್ಕೂ ಹೊರಗಿನದು ಸೊನ್ನೆಯ ಸುತ್ತು. ಲೆಕ್ಕವೆಲ್ಲ ಅಲ್ಲಿಂದ ಶುರು. ಹಂಪಮ್ಮ ಫಾರ್ಮ್ಯಾಟಿಗೆ ಆಜ್ಞೆ ಕೊಟ್ಟಳು. ಸೊನ್ನೆಯ ಸುತ್ತು ಕೆಟ್ಟಿದೆ, ಡಿಸ್ಕ್ ಬಳಕೆಗೆ ಬಾರದು ಎಂದು ಪರದೆ ಹೇಳಿತು. ಇನ್ನೊಂದು ಹಾಕಿದಳು, ಅದೇ ಉತ್ತರ. ಫ್ಲಾಪಿಯ ಮೂಲೆಯಲ್ಲಿ ಬರಹ ತಡೆಯುವ ಬೀಗದ ಚಿಟಿಕೆ ಸರಿಯಿದೆಯೇ ನೋಡಿದಳು, ಬೇರೆ ಡಬ್ಬಿ ಒಡೆದಳು, ಡ್ರೈವಿನ ಓದುವ ತಲೆಯನ್ನು ಸ್ಪಿರಿಟ್ಟಿನ ಹತ್ತಿಯಿಂದ ಒರೆಸಿದಳು. ಯಾವ ಫ್ಲಾಪಿ ಕೊಟ್ಟರೂ ಯಂತ್ರ ಅದೇ ಮಾತು ಹೇಳಿತು. ಅಷ್ಟೂ ಫ್ಲಾಪಿಗಳು ಒಟ್ಟಿಗೆ ಕೆಡುವುದುಂಟೇ? ಕೆಟ್ಟಿದ್ದು ಡ್ರೈವೇ ಇರಬೇಕು.

ಸುಪರಿಂಟೆಂಡೆಂಟ್ ಜಹಗೀರದಾರ್ ಬಾಗಿಲಲ್ಲಿ ಬಂದು ನಿಂತರು. ಕೆಟ್ಟ ಮನುಷ್ಯರಲ್ಲ. ಗಣಿ ಮುಚ್ಚಿಹೋಗದಂತೆ ನೋಡಿಕೊಳ್ಳುವುದೇ ಅವರ ಹಗಲಿರುಳಿನ ಚಿಂತೆಯಾಗಿತ್ತು.

“ಏನಾತ್ರೀ ಹಂಪಮ್ಮ? ಮಧ್ಯಾಹ್ನದ ಪಾಳಿ ಹೊತ್ತಿಗರೆ ಆಗ್ತದೋ ಇಲ್ಲೋ?”

“ಡ್ರೈವ್ ಬಿಚ್ಚಿ ನೋಡಬೇಕ್ರಿ ಸರ್. ಈಗಿಂದೀಗ ಹಳೇ ಫ್ಲಾಪಿ ಹೆಂಗೋ ಓದೈತಿ. ಆದ್ರ ಹಿಂಗ ಬಿಟ್ರ ಅದನ್ನೂ ಕೆಡಸ್ತೈತಿ.”

“ಬಿಚ್ಚಿ ನೋಡ್ರಿ ಹಂಗಾರ. ಮಂದಿ ಕೆಳಗಿಲ್ಲ, ಈಗ ಬಿಟ್ರ ಮತ್ಯಾವಾಗ?”

ಡ್ರೈವ್ ಬಿಚ್ಚಬೇಕೆಂದರೆ ಯಂತ್ರ ಆರಿಸಬೇಕು. ಆರಿಸಿದರೆ ಓದಿಕೊಂಡದ್ದೆಲ್ಲ ಹೋಗುತ್ತದೆ, ಹೋದರೇನು, ಫ್ಲಾಪಿಯಲ್ಲಿ ಇದೆಯಲ್ಲ. ಹಂಪಮ್ಮ ಆರಿಸಿದಳು, ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದಳು. ಒಳಗೆ ನೋಡಿ ಅವಳಿಗೆ ನಗು ಬಂತು.

ಪ್ರತಿ ಆಯುಧಪೂಜೆಗೂ ಪಂಪಾಪತಿ ಕಿವಿಯವ್ವನಿಗೆ ಕುಂಕುಮ ಹಚ್ಚುತ್ತಿದ್ದ. ಎಲ್ಲರಂತೆ ಹೊರಗಿನ ಡಬ್ಬಿಗೆ ಬೊಟ್ಟಿಟ್ಟು ಕೈತೊಳೆದುಕೊಳ್ಳುವವನಲ್ಲ. ಮುಚ್ಚಳ ತೆಗೆದು, ಒಳಗೆ ಹಿಂದೆ ಮುಂದೆ ಸರಿದಾಡುವ ಭಾಗದಲ್ಲಿ ನಾಲಿಗೆಯಂತೆ ಚಾಚಿಕೊಂಡ ಒಂದು ಪುಟ್ಟ ತಗಡಿಗೆ ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ಕುಂಕುಮ ಹಚ್ಚುತ್ತಿದ್ದ. ಅವನು ನಿವೃತ್ತನಾದ ಮೇಲೆ ಆ ಕೆಲಸ ಹಂಪಮ್ಮನ ಪಾಲಿಗೆ ಬಂತು. ಅವಳಿಗೆ ಅದರಲ್ಲಿ ನಂಬಿಕೆಯಿತ್ತೆಂದಲ್ಲ, ಬಿಡುವ ಧೈರ್ಯ ಇರಲಿಲ್ಲ. ಹಚ್ಚಿ, ಬೆರಳ ತುದಿಯಲ್ಲಿ ಉಳಿದದ್ದನ್ನು ತನ್ನ ಹಣೆಗೆ ಇಟ್ಟುಕೊಳ್ಳುತ್ತಿದ್ದಳು. ಈ ವರ್ಷ ಕೆಳಗೆ ನಡುಕ ಹೆಚ್ಚೆಂದು ಹೆಂಗಸರು ಹೇಳಿದ್ದಕ್ಕೆ ಸ್ವಲ್ಪ ಜಾಸ್ತಿಯೇ ಹಚ್ಚಿದ್ದಳು. ಈಗ ನೋಡಿದರೆ ತಗಡಿನ ಅಂಚಿನ ಮೇಲೆ ಮೂವತ್ತು ವರ್ಷದ ಕುಂಕುಮ ಪದರ ಪದರವಾಗಿ ಕೂತಿದೆ, ತಳದಲ್ಲಿ ಕಪ್ಪು, ಮೇಲೆ ಕಂದು, ಎಲ್ಲಕ್ಕೂ ಮೇಲೆ ಹೋದ ವಾರದ ಕೆಂಪು, ಅದೂ ಒಣಗಿ ಬಿರುಕು ಬಿಟ್ಟು ಅರ್ಧ ಉದುರಿದೆ.

ಆ ತಗಡಿನ ಕೆಲಸ ಅವಳಿಗೆ ಗೊತ್ತಿತ್ತು. ಓದುವ ತಲೆ ಹೊರಗಡೆಗೆ ಸರಿದು ಸೊನ್ನೆಯ ಸುತ್ತಿಗೆ ಬಂದಾಗ, ತಗಡು ಒಂದು ಪುಟ್ಟ ಬೆಳಕಿಗೆ ಅಡ್ಡ ಬರುತ್ತದೆ. ಬೆಳಕು ಮರೆಯಾದರೆ ಸೊನ್ನೆ ಬಂತೆಂದು ಡ್ರೈವಿಗೆ ತಿಳಿಯುತ್ತದೆ. ಉದುರಿದ ಪುಡಿ ಅಲ್ಲಿ ಆಡಿದರೆ ಸೊನ್ನೆ ಒಮ್ಮೆ ಸಿಗುತ್ತದೆ, ಒಮ್ಮೆ ತಪ್ಪುತ್ತದೆ. ಇಷ್ಟೇ ರೋಗ. ಅವಳು ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ತಗಡು ಫಳಫಳ ಹೊಳೆಯುವ ತನಕ ಒರೆಸಿದಳು. ಮಾವನಿಗೆ ಹೇಳುವುದು ಬೇಡ, ನೊಂದುಕೊಳ್ಳುತ್ತಾನೆ ಎಂದುಕೊಂಡಳು.

ಮುಚ್ಚಳ ಹಾಕಿ ಫಾರ್ಮ್ಯಾಟ್ ಮಾಡಿದರೆ ಹೊಸ ಫ್ಲಾಪಿ ಸರಾಗವಾಗಿ ಸುತ್ತಿತು, ಒಂದು ತಪ್ಪೂ ಬರಲಿಲ್ಲ. ಕಲಿಸಿದ ಮೇಷ್ಟರು ಎದುರಿಗಿದ್ದರೆ ಬೆನ್ನು ತಟ್ಟಿಸಿಕೊಳ್ಳಬಹುದಿತ್ತು, ಅಷ್ಟು ಖುಷಿಯಾಯಿತು. ಹಳೆಯ ಫ್ಲಾಪಿ ಹಾಕಿದಳು. ಓದಲಿಲ್ಲ. ಮತ್ತೆ ಹಾಕಿದಳು. ತಿಣುಕಲೂ ಇಲ್ಲ, ಇದರಲ್ಲಿ ಏನೂ ಬರೆದಿಲ್ಲ ಎಂದುಬಿಟ್ಟಿತು. ಬೆಳಿಗ್ಗೆ ಕರಕರ ಎನ್ನುವಾಗಲೇ ಡ್ರೈವು ಫ್ಲಾಪಿಯನ್ನು ಗೀಚಿ ಹಾಳುಮಾಡಿರಬೇಕೆಂದು ಅವಳಿಗೆ ಅನ್ನಿಸಿತು. ಜಹಗೀರದಾರರಿಗೂ ಹಾಗೇ ಅನ್ನಿಸಿತು.

ಅವರು ತಮ್ಮ ಕೋಣೆಯ ಕಪಾಟಿನ ತಳದಿಂದ ಒಂದು ಲಕೋಟೆ ತಂದರು. ಅದರಲ್ಲಿ ಯಂತ್ರದ ಜೊತೆ ಬಂದಿದ್ದ ಕಂಪನಿಯ ಮೂಲ ಫ್ಲಾಪಿ ಇತ್ತು. ಅದು ಓದುವುದಿಲ್ಲವೆಂಬುದು ಗಣಿಯಲ್ಲಿ ಎಲ್ಲರಿಗೂ ತಿಳಿದ ಸಂಗತಿ, ಆದರೂ ಎಸೆಯಲು ಯಾರಿಗೂ ಮನಸ್ಸಾಗಿರಲಿಲ್ಲ. ಹಂಪಮ್ಮ ಹಾಕಿ ನೋಡಿದಳು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಓದಿತು. ಪರದೆಯ ತುಂಬ ಹಸಿರು ಹರಡಿತು.

“ನೋಡ್ರಿ ಮತ್ತ,” ಎಂದರು ಜಹಗೀರದಾರ್, ಕುರ್ಚಿಯ ಮೇಲೆ ಕುಸಿಯುತ್ತ. “ನೀವು ಸ್ವಚ್ಛ ಮಾಡಿದ್ದಕ್ಕ ಇದೂ ಓದ್ತು.”

ಹಂಪಮ್ಮ ಪರದೆ ನೋಡುತ್ತ ನಿಂತಳು. ಹಸಿರು, ಹಸಿರು, ಹಸಿರು. ಹಳದಿಯ ಒಂದು ಚುಕ್ಕೆಯೂ ಇಲ್ಲ. ಅತ್ಯಂತ ಒಳ್ಳೆಯ ದಿನಗಳಲ್ಲೂ ಒಂದೆರಡು ಚುಕ್ಕೆ ಮಿಣಕುತ್ತಿದ್ದವು.

“ಭಾಳ ಸುಮ್ಮನೈತಲ್ರಿ ಸರ್.”

“ಧೂಳು ಹೋಗ್ಯದ, ಸುಳ್ಳು ಗದ್ದಲ ಕಡಿಮಿ ಆಗಿರಬೇಕು. ಸುಮ್ಮನಿದ್ದರ ಛಲೋನೇ ಅಲ್ಲೇನು?”

ಅವಳಿಗೂ ಅದನ್ನು ನಂಬಬೇಕೆನ್ನಿಸಿತು, ಈ ಕಲ್ಲಿನ ಪಾಠವಿಲ್ಲದಿದ್ದರೂ ಸಿಡಿತ ಗುರುತಿಸುವಷ್ಟು ಮೂಲಪಾಠ ಕಂಪನಿಯ ಫ್ಲಾಪಿಯಲ್ಲಿ ಇದ್ದೇ ಇರುತ್ತದೆ ಎಂದುಕೊಂಡಳು. ತಾನೇ ಕೈಯಾರೆ ರಿಪೇರಿ ಮಾಡಿದ ಯಂತ್ರದ ಮೇಲೆ ತಾನೇ ಅನುಮಾನಪಡುವುದು ಹೇಗೆ?

ಪಾಳಿ ಇಳಿಯುವ ಮೊದಲು ಕಿವಿಯ ಕೋಣೆಯಿಂದ ಗಣಿಗಿಳಿಯುವ ಶಾಫ್ಟಿನ ಬಾಗಿಲಿಗೆ ಫೋನು ಮಾಡಿ ಎರಡು ಮಾತು ಹೇಳಬೇಕು. ಆ ಎರಡು ಮಾತು ಕೇಳದೆ ಕೇಜು ಅಲುಗುವುದಿಲ್ಲ. ಕಾಗದವಿಲ್ಲ, ಸಹಿಯಿಲ್ಲ, ಬಾಯಿಮಾತೇ ಆಣೆ. ಹಂಪಮ್ಮ ಫೋನೆತ್ತಿದಾಗ ಆ ಕಡೆ ಮೌನೇಶನೇ ಇದ್ದ.

“ಏನಂತಾಳ ನಿಮ್ಮವ್ವ?”

“ಹಸರು ಸೀರಿ ಉಟ್ಟು ಕುಂತಾಳ.”

“ಹಂಗಾರ ಅಕಿ ಬಾಯಿಂದ ಹೇಳಸು, ಮಂದಿ ಕಾಯಾಕತ್ಯಾರ. ಸಂಜಿಗೆ ಮೆಣಸಿನಕಾಯಿ ಬಜಿ ಮಾಡು, ಭಾಳ ದಿನ ಆತು.”

“ಕಿವಿ ತೆರದೈತಿ,” ಎಂದಳು ಹಂಪಮ್ಮ.

ಆ ಕಡೆ ಗಂಟೆ ಬಾರಿಸಿದ್ದು, ಕೇಜಿನ ಬಾಗಿಲು ಎಳೆದದ್ದು ಫೋನಿನಲ್ಲೇ ಕೇಳಿಸಿತು.

ಕ್ವಾರ್ಟರ್ಸು ರಸ್ತೆಯ ಆಚೆ ಬದಿಗೇ ಇತ್ತು. ಕೋಣೆಯಲ್ಲಿ ಸಹಾಯಕನನ್ನು ಕೂರಿಸಿ ಅವಳು ಊಟಕ್ಕೆ ಬಂದಳು. ಪಂಪಾಪತಿ ಹೊರಸಿನ ಮೇಲೆ ಗೋಡೆಗೊರಗಿ ಕೂತಿದ್ದ. ಮೊದಲು ಕೆಳಗೆ ಕಲ್ಲು ಕೊರೆದು, ಧೂಳು ಕುಡಿದು ಎದೆ ಕೆಟ್ಟ ಮೇಲೆ ಅವನನ್ನು ಕಿವಿಯ ಕೋಣೆಗೆ ಹಾಕಿದ್ದರು. ಈಗ ಎರಡು ಮಾತಿಗೊಮ್ಮೆ ಉಸಿರು ಹುಡುಕಿಕೊಳ್ಳುತ್ತಿದ್ದ. ಕರೆಂಟು ಹೋದ ಸುದ್ದಿ, ಪಾಳಿ ಮೇಲೆ ಬಂದ ಸುದ್ದಿ ಅವನಿಗಾಗಲೇ ಮುಟ್ಟಿತ್ತು.

“ಹಳೇ ಪ್ಲಾಪಿ ಹೋತೇನವ್ವಾ?” ಎಂದ.

“ಹೋತ್ರಿ ಮಾವಾರ. ಡ್ರೈವ್ ರಿಪೇರಿ ಮಾಡಿದೆ. ಕಂಪನಿ ಫ್ಲಾಪಿ ಹಾಕಿದ್ವಿ, ಛಂದಾಗಿ ಓದಿತು.”

ಮುದುಕ ರೊಟ್ಟಿ ಮುರಿಯುತ್ತಿದ್ದವನು ನಿಲ್ಲಿಸಿದ. “ಅದು ಓದಂಗಿಲ್ಲಲ್ಲ.”

“ಇವತ್ತು ಓದಿತ್ರಿ.”

“ಅದು ಬಂದ ವರ್ಷ ಅಷ್ಟ ಓದ್ತಿತ್ತು ನೋಡು.” ಉಸಿರಿಗಾಗಿ ತಡೆದು ಮತ್ತೆ ಹೇಳಿದ. “ಮೊದಲ ಆಯುಧಪೂಜಿ ಆದ ಮ್ಯಾಲೆ ನಿಂತುಬಿಡ್ತು. ಕಂಪನಿ ಇಂಜಿನಿಯರ್ ಬಂದಾಗ ಪ್ಲಾಪಿ ಕೆಟ್ಟೈತಿ ಅಂದ. ನಮ್ಮ ಪ್ಲಾಪಿ ಒಯ್ದು ತನ್ನ ಮಷಿನ್ನಿಗೆ ಹಾಕಿದ, ಅಲ್ಲಿ ಅದು ಓದಲಿಲ್ಲ. ತಿರುಗಿ ಇಲ್ಲಿಗೆ ತಂದ್ರ ಓದಿತು. ನಮ್ಮ ಕಿವಿಯವ್ವ ಬ್ಯಾರೇವ್ರ ಕೂಡ ಮಾತಾಡಂಗಿಲ್ಲ ಅಂತ ನಾವು ನಕ್ಕಿದ್ವಿ.”

ಹಂಪಮ್ಮನ ಕೈಯಲ್ಲಿ ತಾಟು ಇತ್ತು. ಅದನ್ನು ಹಾಗೇ ಕೆಳಗಿಟ್ಟಳು.

ಮೊದಲ ಆಯುಧಪೂಜೆ. ತಗಡಿನ ಅಂಚಿಗೆ ಕುಂಕುಮ. ತಗಡು ಒಂದು ಕೂದಲೆಳೆಯಷ್ಟು ದಪ್ಪವಾಯಿತು, ಬೆಳಕು ಒಂದು ಹೆಜ್ಜೆ ಮೊದಲೇ ಮರೆಯಾಯಿತು, ಡ್ರೈವು ಒಂದನೆಯ ಸುತ್ತನ್ನೇ ಸೊನ್ನೆಯೆಂದು ತಿಳಿಯಿತು. ಅಂದಿನಿಂದ ಇಲ್ಲಿ ಫಾರ್ಮ್ಯಾಟ್ ಮಾಡಿದ ಪ್ರತಿ ಫ್ಲಾಪಿಯಲ್ಲೂ ಲೆಕ್ಕ ಒಂದು ಸುತ್ತು ಒಳಗಿನಿಂದ ಶುರು. ತಪ್ಪು ಸೊನ್ನೆಯಲ್ಲಿ ಬರೆದು ತಪ್ಪು ಸೊನ್ನೆಯಲ್ಲಿ ಓದುತ್ತ ಮೂವತ್ತು ವರ್ಷ ಎಲ್ಲವೂ ಸರಿಯಾಗಿತ್ತು. ತಾನು ಇವತ್ತು ಒರೆಸಿ ಸೊನ್ನೆಯನ್ನು ಸರಿಮಾಡಿದೆ. ಹಳೆಯ ಫ್ಲಾಪಿ ಕೆಟ್ಟಿಲ್ಲ. ಅದನ್ನು ಓದುವ ದಾರಿಯನ್ನು ತಾನೇ ಹತ್ತಿಯಲ್ಲಿ ಒರೆಸಿ ಕಸದ ಬುಟ್ಟಿಗೆ ಹಾಕಿದ್ದೇನೆ.

ಹಾಗಾದರೆ ಈಗ ಓದಿರುವುದೇನು? ಯಾವುದೋ ದೇಶದ ಯಾವುದೋ ಗಣಿಯ ಕಲ್ಲಿನ ಮಾತು. ಹೊನ್ನಬಂಡಿಯ ಕಲ್ಲಿನ ಒಂದಕ್ಷರವೂ ಗೊತ್ತಿಲ್ಲದ ಕಿವಿ. ಅದಕ್ಕೆ ಎಲ್ಲವೂ ಕೇಳಿಸುತ್ತದೆ, ಏನೂ ತಿಳಿಯುವುದಿಲ್ಲ, ತಿಳಿಯದ್ದಕ್ಕೆಲ್ಲ ಹಸಿರು ತೋರಿಸುತ್ತದೆ. ಮೌನೇಶ ಅದರ ಕೆಳಗಿದ್ದಾನೆ.

ಅವಳು ದೇವರ ಗೂಡಿನಿಂದ ಕುಂಕುಮದ ಭರಣಿ, ಕೊಬ್ಬರಿ ಎಣ್ಣೆಯ ಬಾಟಲಿ ತೆಗೆದುಕೊಂಡಳು. ಪಂಪಾಪತಿ ಆ ಎರಡನ್ನೂ ನೋಡಿದ, ಸೊಸೆಯ ಮುಖ ನೋಡಿದ.

“ಒರಸಿದೇನು?” ಎಂದ.

ಅವಳು ರಸ್ತೆ ದಾಟಿ ಓಡಿದಳು.

ಇಲ್ಲಿ ಒಂದು ಮಾತು ಹೇಳಲೇಬೇಕು. ಕೋಣೆಗೆ ಬಂದವಳು ಫೋನೆತ್ತಿ ‘ಕಿವಿ ಮುಚ್ಚೈತಿ’ ಎಂದಿದ್ದರೆ ಸಾಕಿತ್ತು. ನಿಯಮದ ಪ್ರಕಾರ ಯಾರೂ ಕಾರಣ ಕೇಳುವಂತಿರಲಿಲ್ಲ, ಪಾಳಿ ಮೇಲೆ ಬರುತ್ತಿತ್ತು. ಅವಳ ಕೈ ಫೋನಿನ ತನಕ ಹೋಯಿತು ಕೂಡ. ಆದರೆ ಹಂಪಮ್ಮ ಓದಿದವಳು, ಖಾತ್ರಿಯಿಲ್ಲದೆ ಬಾಯಿ ಬಿಡಬಾರದೆಂದು ಕಲಿತವಳು. ಒಂದೇ ದಿನ ಎರಡು ಸಲ ಪಾಳಿ ಎತ್ತಿಸಿ, ಯಾಕೆಂದು ಕೇಳಿದ ಜಹಗೀರದಾರರಿಗೆ ಕುಂಕುಮ ಒರೆಸಿದ್ದಕ್ಕೆ ಎನ್ನಬೇಕು. ಅದೂ ಬರೀ ಊಹೆ. ಮೊದಲು ಹಚ್ಚಿ ನೋಡೋಣ, ಹಳೆಯ ಫ್ಲಾಪಿ ಓದಿದರೆ ಆಮೇಲೆ ಹೇಳೋಣ ಎಂದುಕೊಂಡಳು. ಸಹಾಯಕನನ್ನು ಇನ್ನು ಸಾಕೆಂದು ಮನೆಗೆ ಕಳಿಸಿ, ಕೆಳಗೆ ಜನವಿರುವಾಗ, ಯಾರಿಗೂ ಹೇಳದೆ ಯಂತ್ರ ಆರಿಸಿದಳು. ಹೇಗೂ ಕಿವುಡಾಗಿರುವ ಕಿವಿ ಮುಚ್ಚಿದ್ದರೇನು ತೆರೆದಿದ್ದರೇನು.

ಮೂವತ್ತು ವರ್ಷದಲ್ಲಿ ಕೂತ ಪದರವನ್ನು ಒಂದು ಬೆರಳಿನಲ್ಲಿ ಮತ್ತೆ ಕೂರಿಸಬೇಕಿತ್ತು. ಮೊದಲ ಸಲ ಕುಂಕುಮ ದಪ್ಪವಾಯಿತು, ಡ್ರೈವಿಗೆ ಎಲ್ಲೆಲ್ಲೂ ಸೊನ್ನೆಯೇ ಕಂಡಿತು. ಉಗುರಿನಿಂದ ಕೆರೆದರೆ ಇಡೀ ಪದರವೇ ಕಿತ್ತು ಬಂತು. ಎರಡನೇ ಸಲ ತೆಳುವಾಯಿತು. ಮೂರನೇ ಸಲ ಎಣ್ಣೆ ಹೆಚ್ಚಾಗಿ ಇಳಿದು ಹೋಯಿತು. ಒಂದೊಂದು ಸಲವೂ ಮುಚ್ಚಳ ಹಾಕಿ, ಯಂತ್ರ ಹಚ್ಚಿ, ಅದು ತನ್ನ ಮೈಯೆಲ್ಲ ತಡವಿಕೊಂಡು ಏಳುವವರೆಗೆ ಕಾಯಬೇಕು. ಎಷ್ಟು ಸಲ ಹಚ್ಚಿದರೂ ಅಳತೆ ಸಿಗುತ್ತಿರಲಿಲ್ಲ. ಹೊರಗೆ ಬಿಸಿಲು ಇಳಿಯುತ್ತಿತ್ತು, ಕಾಲೊನಿಯ ನಲ್ಲಿಯ ಹತ್ತಿರ ಹೆಂಗಸರು ಕೊಡ ತೊಳೆಯುವ ಸದ್ದು ಕೇಳುತ್ತಿತ್ತು. ಕೊನೆಗೆ ಅವಳು ಎರಡೂ ಕೈ ಸೆರಗಿಗೆ ಒರೆಸಿಕೊಂಡು, ಕಣ್ಣು ಮುಚ್ಚಿ, ಪೂಜೆಯ ದಿನ ಮಾವ ತೋರಿಸಿಕೊಟ್ಟ ಹಾಗೆ ಉಂಗುರದ ಬೆರಳಿನಿಂದ ಒಂದೇ ಸಲ ಎಳೆದಳು.

ಹಳೆಯ ಫ್ಲಾಪಿ ಓದಿತು.

ಪರದೆ ಒಂದು ಕ್ಷಣ ಹಸಿರಾಗಿತ್ತು. ಹಳದಿಯ ಚುಕ್ಕೆಗಳು ಮಿಣಕಿದವು, ಅವ್ವ ಮಾತಾಡಿದಳೆಂದು ಅವಳ ಕಣ್ಣಲ್ಲಿ ನೀರು ಬಂತು. ಹಳದಿ ಹರಡಿತು, ಕೂಡಿಕೊಂಡಿತು, ಎಲ್ಲಕ್ಕೂ ಕೆಳಗಿನ ಹಂತದಲ್ಲಿ ಕೆಂಪಾಯಿತು. ಕೆಂಪು ಆಗ ಶುರುವಾದದ್ದಲ್ಲ, ಎಷ್ಟು ಹೊತ್ತಿನಿಂದ ಇತ್ತೋ ಯಾರಿಗೆ ಗೊತ್ತು. ಯಂತ್ರಕ್ಕೆ ತಿಳಿದದ್ದು ಮಾತ್ರ ಆಗ.

ಅವಳು ಸೈರನ್ ಒತ್ತಿದಳು, ಫೋನಿನಲ್ಲಿ ಕೂಗಿದಳು. ಕೆಳಗಿನ ಹಂತದಿಂದ ಮೊದಲ ಕೇಜು ಹೊರಟಿತೆಂದು ಶಾಫ್ಟಿನವನು ಹೇಳಿದ. ಅದರಲ್ಲಿ ಮೌನೇಶ ಇದ್ದಾನೇನು ಎಂದು ಕೇಳಿದಳು. ಇಲ್ಲ, ಮೇಸ್ತ್ರಿ ಕೊನೆಗೆ ಬರ್ತಾನ, ಮಂದಿ ಹತ್ತಸಾಕತ್ಯಾನ ಎಂದ. ಮೊದಲ ಕೇಜು ಮೇಲೆ ಬಂತು, ಖಾಲಿಯಾಗಿ ತಿರುಗಿ ಇಳಿಯಿತು. ಅದು ಅರ್ಧ ದಾರಿಯಲ್ಲಿರುವಾಗ ಕೋಣೆಯ ನೆಲ ಒಮ್ಮೆ ಮೇಲೆದ್ದು ಕೂತಿತು. ಮೇಜಿನ ಮೇಲಿದ್ದ ಭರಣಿ ಉರುಳಿ ಕುಂಕುಮ ಚೆಲ್ಲಿತು. ಸದ್ದು ಆಮೇಲೆ ಬಂತು.

ಪರದೆಯ ಕೆಂಪು ನೋಡುತ್ತಿದ್ದಂತೆ ಆರಿ ಮೆಲ್ಲಗೆ ಹಸಿರಾಯಿತು. ಹೊರೆ ಇಳಿಸಿಕೊಂಡ ಕಲ್ಲು ಸುಮ್ಮನಾಗಿತ್ತು.

ಮೌನೇಶನನ್ನೂ ಅವನ ಗುಂಪಿನ ನಾಲ್ವರನ್ನೂ ಹೊರಗೆ ತರಲು ಆಗಲಿಲ್ಲ. ಅವರು ನಿಂತಿದ್ದ ಸುರಂಗವೇ ಈಗ ಇಲ್ಲ ಎಂದರು. ಕಾಲೊನಿಯಲ್ಲಿ ದೇಹವಿಲ್ಲದೆಯೇ ಕಾರ್ಯಗಳಾದವು. ಹಿರಿಯ ಹೆಂಗಸರು ಬಂದು ಹಂಪಮ್ಮನ ಬಳೆ ತೆಗೆದರು, ಹಣೆ ಒರೆಸಿದರು. ಅವಳು ಬೇಡವೆನ್ನಬಹುದಿತ್ತು, ಈ ಕಾಲದಲ್ಲಿ ಎಷ್ಟೋ ಮಂದಿ ಬೇಡವೆನ್ನುತ್ತಾರೆ. ಅವಳು ಮುಖ ಮುಂದೆ ಮಾಡಿ ಕೂತಳು. ಗುಂಪಿನಲ್ಲಿ ಸತ್ತ ಇನ್ನೊಬ್ಬನ ಹೆಂಡತಿ ದುರುಗಮ್ಮ ಬಾಗಿಲಲ್ಲಿ ನಿಂತಿದ್ದಳು, ಅವಳ ಹಣೆಯೂ ಬರಿದಾಗಿತ್ತು.

“ಕಿವಿಯವ್ವನ ಕುಂಕುಮ ಒರಸಿದೆಂತಲ್ಲ,” ಎಂದಳು ದುರುಗಮ್ಮ. “ಖರೇನಾ?”

“ಖರೆ.”

“ಅದಕ್ಕ ಹಿಂಗಾತು.”

ಹಂಪಮ್ಮನಿಗೆ ಇಲ್ಲವೆನ್ನಲು ಆಗಲಿಲ್ಲ. ಬೇರೆ ಯಾವ ಊರಿನ ಯಾವ ಯಂತ್ರದ ವಿಚಾರದಲ್ಲಿ ಯಾರು ಹೀಗೆಂದಿದ್ದರೂ ಅದು ಮೂಢನಂಬಿಕೆಯೆಂದು ತಿಳಿಹೇಳುತ್ತಿದ್ದಳು. ಬೆಳಕು, ತಗಡು, ಸೊನ್ನೆಯ ಸುತ್ತು ಎಂದು ಎಳೆಎಳೆಯಾಗಿ ಬಿಡಿಸಿದರೂ ಕೊನೆಗೆ ಉಳಿಯುವುದು ದುರುಗಮ್ಮ ಹೇಳಿದ ಮಾತೇ. “ಹೌದಕ್ಕ, ಅದಕ್ಕ ಆತು,” ಎಂದಳು. ವಿಚಾರಣೆಗೆ ಬಂದ ತಜ್ಞರೂ ಅದನ್ನೇ ಹೇಳಿದರು, ಅವರು ಕುಂಕುಮಕ್ಕೆ ‘ಹೊರಗಿನ ವಸ್ತು’ ಎಂಬ ಹೆಸರಿಟ್ಟರು, ಅಷ್ಟೇ. ಕರೆಂಟು ಹೋದಾಗ ಮಂದಿಯೆಲ್ಲ ಮೇಲೆ ಬಂದಿದ್ದರು, ಮತ್ತೆ ಪಾಳಿ ಇಳಿದದ್ದು ಅವಳ ಮಾತಿನ ಮೇಲೆ ಎಂಬುದನ್ನು ಯಾರೂ ಎತ್ತಿ ಆಡಲಿಲ್ಲ. ಫೋನಿನ ತನಕ ಹೋಗಿ ವಾಪಸಾದ ಕೈಯ ಸುದ್ದಿ ಯಾರಿಗೂ ಗೊತ್ತಿರಲಿಲ್ಲ. ಅದನ್ನವಳು ಪಂಪಾಪತಿಗೂ ಹೇಳಲಿಲ್ಲ. ಅವನು ಕೇಳಲೂ ಇಲ್ಲ, ಮಗನ ಹೆಸರು ಎತ್ತುವುದನ್ನೇ ಬಿಟ್ಟಿದ್ದ.

ಯುಗಾದಿಯ ಹೊತ್ತಿಗೆ ಗಣಿ ಮತ್ತೆ ತೆರೆಯಿತು. ಹೊಸ ಯಂತ್ರ ತಂದರೂ ಅದು ಈ ಕಲ್ಲಿನ ಮಾತು ಕಲಿಯಲು ವರ್ಷಗಟ್ಟಲೆ ಬೇಕು, ಅಲ್ಲಿಯ ತನಕ ಹಳೆಯ ಫ್ಲಾಪಿಯೇ ಆಧಾರ. ಹಂಪಮ್ಮ ಜಹಗೀರದಾರರಿಗೆ ಒಂದು ಉಪಾಯ ಹೇಳಿದಳು: ಮುಚ್ಚಳ ಹಾಕದೆ ಯಂತ್ರ ಹಚ್ಚಿ, ಕುಂಕುಮ ಇರುವಾಗಲೇ ಹಳೆಯ ಫ್ಲಾಪಿಯನ್ನು ಯಂತ್ರದ ನೆನಪಿಗೆ ಓದಿಸಿಕೊಂಡು, ಯಂತ್ರ ಆರಿಸದೆಯೇ ತಗಡು ಒರೆಸಿ, ಸರಿಯಾದ ಸೊನ್ನೆಯಲ್ಲಿ ಹೊಸ ಫ್ಲಾಪಿಗೆ ಬರೆಯಬಹುದು. ಒಂದು ಗಂಟೆಯ ಕೆಲಸ. ಆಮೇಲೆ ಕುಂಕುಮದ ಹಂಗೇ ಇರುವುದಿಲ್ಲ.

“ಮತ್ತೊಮ್ಮೆ ಒರಸೂದು ಬ್ಯಾಡ್ರಿ ಹಂಪಮ್ಮ,” ಎಂದರು ಜಹಗೀರದಾರ್.

ಅವಳಿಗೂ ಅಷ್ಟೇ ಬೇಕಿತ್ತು. ಉಪಾಯ ಸರಿಯಾಗಿತ್ತು, ಕೈ ಬರುತ್ತಿರಲಿಲ್ಲ.

ಎಣ್ಣೆ ಒಣಗಿದರೆ ಪದರ ಬಿರುಕು ಬಿಡುತ್ತದೆ. ಹಾಗಾಗಿ ಪ್ರತಿ ಸೋಮವಾರ ಮೊದಲ ಪಾಳಿ ಇಳಿಯುವ ಮುಂಚೆ ಯಂತ್ರ ಆರಿಸಿ, ಮುಚ್ಚಳ ತೆಗೆದು ಕುಂಕುಮ ತಿದ್ದಬೇಕು. ಗಂಡ ಸತ್ತವಳು ಹಚ್ಚುವುದೇ ಎಂದು ಕೆಲವರು ಆಡಿಕೊಂಡದ್ದುಂಟು. ಒಂದು ಸೋಮವಾರ ಮುತ್ತೈದೆಯೊಬ್ಬಳಿಂದ ಹಚ್ಚಿಸಿಯೂ ನೋಡಿದರು. ಫ್ಲಾಪಿ ಓದಲಿಲ್ಲ. ಅಳತೆ ಗೊತ್ತಿದ್ದದ್ದು ಹಂಪಮ್ಮನ ಬೆರಳಿಗೆ ಮಾತ್ರ. ಆಮೇಲೆ ಯಾರೂ ಆಡಲಿಲ್ಲ.

ಈಗ ಸೋಮವಾರ ಬಂತೆಂದರೆ ಹೆಂಗಸರು ಕಿವಿಯ ಕೋಣೆಯ ಕಿಟಕಿಯ ಹೊರಗೆ ಬಂದು ನಿಲ್ಲುತ್ತಾರೆ. ಗಂಡಂದಿರು ಅವರ ಹಿಂದೆ ಟೋಪಿ ಕೈಯಲ್ಲಿ ಹಿಡಿದು ಕಾಯುತ್ತಾರೆ. ಗಂಡನನ್ನು ಕಳೆದುಕೊಂಡ ದುರುಗಮ್ಮನೂ ಬರುತ್ತಾಳೆ, ಅವಳ ತಮ್ಮ ಈಗ ಆ ಪಾಳಿಯಲ್ಲಿದ್ದಾನೆ. ಕೇಳುವವಳೂ ಅವಳೇ.

“ಹಚ್ಚಿದೇನವ್ವಾ?”

“ಹಚ್ಚೀನಕ್ಕ.”

ಹಂಪಮ್ಮ ಯಂತ್ರ ಹಚ್ಚುತ್ತಾಳೆ, ಪರದೆಯ ಮೇಲೆ ಹಳದಿಯ ಚುಕ್ಕೆಗಳು ಮಿಣಕುವ ತನಕ ಕಾಯುತ್ತಾಳೆ, ಫೋನೆತ್ತಿ ಶಾಫ್ಟಿಗೆ ಕಿವಿ ತೆರದೈತಿ ಎನ್ನುತ್ತಾಳೆ. ಗಂಟೆ ಬಾರಿಸಿ ಕೇಜು ಇಳಿಯುತ್ತದೆ. ಬೆರಳ ತುದಿಯಲ್ಲಿ ಕುಂಕುಮ ಉಳಿದಿರುತ್ತದೆ. ಮೊದಲಾದರೆ ಅದನ್ನು ಹಣೆಗಿಟ್ಟುಕೊಳ್ಳುತ್ತಿದ್ದಳು. ಈಗ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಒರೆಸಿಕೊಳ್ಳುತ್ತಾಳೆ.